ಜೇಕು ತೆಗಿಯೋಕೆ ಮೂರು ಹಲ್ಲಿನ ಹ್ಯಾಂಡ್ ಫೋರ್ಕ್, ಹೂವಿನ ಪಾತಿ ಇರೋರಿಗೆ ಬೇಕೇ ಬೇಕು

ಸೇವಂತಿಗೆ, ಕನಕಾಂಬರದ ಪಾತಿಗೆ ಜೇಕು ಅನ್ನೋ ಕಳೆ ಹುಲ್ಲು (ಕೆಲವು ಕಡೆ ಕೊನ್ನಾರಿ ಅಂತಾರೆ) ಒಂದ್ಸಲ ನುಗ್ಗಿದ್ರೆ ಮುಗೀತು, ಇವತ್ತು ಕಿತ್ರೆ ವಾರದೊಳಗೆ ಮತ್ತೆ ಹಾಜರ್. ಅದಕ್ಕೇ ಈ ಫೋರ್ಕ್ ಬಗ್ಗೆ ಬರೀತಿದೀನಿ, ನನಗೆ ಇದರಿಂದ ನಿಜವಾಗ್ಲೂ ತುಂಬಾ ಉಪಯೋಗ ಆಗಿದೆ.

ಕುರ್ಪಿಲಿ ಹೆರೆದ್ರೆ ಮೇಲಿನ ಹುಲ್ಲಷ್ಟೇ ಹೋಗೋದು. ಕೆಳಗೆ ಗಡ್ಡೆಗಳು ಒಂದಕ್ಕೊಂದು ಅಂಟ್ಕೊಂಡೇ ಇರ್ತವೆ, ತುದಿ ಗಡ್ಡೆ ಚಿಗುರ್ತಾ ಇರೋವರೆಗೂ ಮಿಕ್ಕವು ಸುಮ್ನೆ ಬಿದ್ದಿರ್ತವೆ, ಮಧ್ಯದಲ್ಲಿ ಕಡಿದು ಹೋದ್ರೆ ಅವೂ ಮೊಳಕೆ ಒಡೆಯೋಕೆ ಶುರು. ಅಂದ್ರೆ ಕೊಚ್ಚಿದಷ್ಟೂ ಜಾಸ್ತಿ ಆಗುತ್ತೆ. ಫೋರ್ಕ್ ಕಡಿಯಲ್ಲ, ಎತ್ತುತ್ತೆ, ಅದೇ ಇದರ ಗುಣ.

ಹಿಂದಿನ ದಿನ ಸಂಜೆ ನೀರು ಹಾಕಿಡಿ. ಬೆಳಿಗ್ಗೆ ಹುಲ್ಲಿನ ಬುಡದಿಂದ ನಾಲ್ಕು ಬೆರಳು ಆಚೆ ಹಲ್ಲು ಪೂರ್ತಿ ಇಳಿಸಿ ಹಿಡಿನ ನಿಧಾನಕ್ಕೆ ಹಿಂದಕ್ಕೆ ಒತ್ತಿ, ಮಣ್ಣು ಸಡಿಲ ಆದ್ಮೇಲೆ ಬುಡ ಹಿಡಿದು ಎಳೆದ್ರೆ ಕಪ್ಪು ಗಡ್ಡೆ ಮೂರ್ನಾಲ್ಕು ಒಟ್ಟಿಗೆ ಮಣಿಸರದ ಹಾಗೆ ಬರ್ತವೆ. ನಡುವೆ ಟಕ್ ಅಂತ ಕಿತ್ತು ಬಂದ್ರೆ ಒಳಗೆ ಉಳಿದಿರುತ್ತೆ, ಬೆರಳು ಹಾಕಿ ಹುಡುಕಿ ತೆಗೀರಿ, ದಯವಿಟ್ಟು ಬಿಡಬೇಡಿ. ಬಹುಪಾಲು ಗಡ್ಡೆ ಮೇಲಿನ 15 ಸೆಂ.ಮೀ. ಒಳಗೇ ಇರೋದ್ರಿಂದ ಈ ಹಲ್ಲಿನ ಉದ್ದ ಸಾಕಾಗುತ್ತೆ. ತೆಗೆದದ್ದನ್ನ ಕಾಂಪೋಸ್ಟ್ ಗುಂಡಿಗೆ ಹಾಕ್ಬೇಡಿ, ಅಲ್ಲೇ ಬದುಕ್ಕೊಂಡು ವಾಪಸ್ ಪಾತಿಗೇ ಬರುತ್ತೆ, ತಾರಸಿ ಮೇಲೆ ಒಳ್ಳೆ ಬಿಸಿಲಲ್ಲಿ ಹರಡಿ, ಗಡ್ಡೆ ಒಳಗೂ ಒಣಗಬೇಕು. ಮೊಳಕೆ ಎದ್ದ ಮೂರ್ನಾಲ್ಕು ವಾರಕ್ಕೇ ಹೊಸ ಗಡ್ಡೆ ಕಟ್ಟೋಕೆ ಶುರು ಮಾಡುತ್ತೆ, ಅಷ್ಟರೊಳಗೆ ಇನ್ನೊಂದು ರೌಂಡ್ ಹಾಕ್ಲೇಬೇಕು.

ಪ್ಲಾಸ್ಟಿಕ್ ಶೀಟ್ ಹಾಸಿ ಅಂತ ಹೇಳೋರಿದ್ದಾರೆ, ತೆಳು ಶೀಟಾದ್ರೆ ಜೇಕಿನ ಮೊಳಕೆ ತೂತು ಮಾಡ್ಕೊಂಡೇ ಮೇಲೆ ಬರುತ್ತೆ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ಅಂತೂ ಹೂವಿನ ಪಾತಿಗೆ ಬೇಡವೇ ಬೇಡ, ಸೇವಂತಿಗೆ ಎಲೆಗೆ ತಾಗಿದ್ರೆ ಅದೂ ಸಾಯುತ್ತೆ, ಅಲ್ಲದೆ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕವೇ ಬಳಸ್ಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ಆದೇಶ ಹೊರಡಿಸಿದೆ.

ಕಾಂಗ್ರೆಸ್ ಗಿಡಕ್ಕೆ ಫೋರ್ಕ್ ಬೇಕಿಲ್ಲ, ಹೂ ಬಿಡೋಕೆ ಮುಂಚೆ ಗ್ಲೌಸ್ ಹಾಕ್ಕೊಂಡು ಬೇರು ಸಮೇತ ಕಿತ್ರೆ ಆಯ್ತು.

ಇನ್ನು ತೊಂದರೆ ಹೇಳ್ಬೇಕು ಅಂದ್ರೆ ಹಿಡಿ. ಮಳೆಗಾಲ ಕಳೆಯೋಷ್ಟರಲ್ಲಿ ನನ್ನ ಫೋರ್ಕಿನ ಹಿಡಿ ಸೇರೋ ಜಾಗದ ಸ್ಕ್ರೂ ತುಕ್ಕು ಹಿಡಿದು ಅಲ್ಲಾಡ್ತಿತ್ತು, ಬೇರೆ ಸ್ಕ್ರೂ ಹಾಕಿಸ್ಕೊಂಡೆ. ಒಣಗಿದ ಕೆಮ್ಮಣ್ಣಲ್ಲಿ ಜೋರಾಗಿ ಮೀಟಿದ್ರೆ ಹಲ್ಲೂ ಬಗ್ಗುತ್ತೆ. ಇದಕ್ಕೆ ಒಂದು ಸ್ಟಾರ್ ಕಡಿಮೆ, ಐದಕ್ಕೆ ನಾಲ್ಕು. ಅರ್ಧ ರೇಟಿಗೆ ಸಿಗೋ ತಗಡಿನ ಫೋರ್ಕ್ ಮಾತ್ರ ತಗೋಬೇಡಿ. ಆನ್‌ಲೈನ್ ಫೋಟೋಲಿ ಹಲ್ಲಿನ ದಪ್ಪ ಗೊತ್ತಾಗಲ್ಲ, ಹತ್ತಿರದ ಹಾರ್ಡ್‌ವೇರ್ ಅಂಗಡಿಲೋ ನರ್ಸರಿಲೋ ಕೈಯಲ್ಲಿ ಹಿಡಿದು, ನೆಲಕ್ಕೆ ಒತ್ತಿ ನೋಡಿ ತಗೊಳ್ಳಿ.