ಒಂದೇ ಫೈಲ್ ಎರಡಾಗಿ ಕಂಡರೆ ಅಳಿಸಲು ಹೋಗಬೇಡಿ

ಹನ್ನೊಂದು ವರ್ಷ ಕೂಡಿಹಾಕಿದ ಪದಪಟ್ಟಿಗಳನ್ನೂ ಅನುವಾದದ ಕರಡುಗಳನ್ನೂ ನಾನು ಒಂದೇ ಗುಂಡಿ ಒತ್ತಿ ಕಳೆದುಕೊಂಡೆ. ಕೈಯಾರೆ ಅಳಿಸಿದವನು ನಾನೇ. ಅಳಿಸುವಾಗ ಮನೆ ಗುಡಿಸಿ ಸಾರಿಸಿದಷ್ಟು ಸಮಾಧಾನವೂ ಆಗಿತ್ತು. ಡಿಸ್ಕ್ ಮತ್ತು ಕ್ಲೌಡ್ ಎರಡನ್ನೂ ಒಟ್ಟಿಗೆ ಜಾಲಾಡುವ ಹುಡುಕು ತಂತ್ರಾಂಶವನ್ನು ನೀವು ಹಾಕಿಕೊಂಡಿದ್ದರೆ, ಅಥವಾ ಹಾಕಿಕೊಳ್ಳುವ ಯೋಚನೆಯಿದ್ದರೆ, ದಯವಿಟ್ಟು ಇದನ್ನು ಓದಿ. ತಂತ್ರಾಂಶದ ಹೆಸರು ಹೇಳುವುದಿಲ್ಲ. ಒಂದೇ ಫೈಲನ್ನು ಎರಡಾಗಿ ತೋರಿಸುವ ಗುಣ ಅದೊಂದರದ್ದೇ ಅಲ್ಲ.

ಅಂಥದ್ದೊಂದು ಬೇಕೆನಿಸಿದ್ದಕ್ಕೆ ಕಾರಣವಿತ್ತು. ನನ್ನ ಫೈಲ್‌ಗಳು ಅರ್ಧ ಡಿಸ್ಕಿನಲ್ಲಿ, ಅರ್ಧ ಕ್ಲೌಡಿನಲ್ಲಿ. ವಿಂಡೋಸ್‌ನ ಸ್ವಂತ ಹುಡುಕಾಟ, ನಾವಾಗಿ ಸೆಟ್ಟಿಂಗ್ ಬದಲಿಸದಿದ್ದರೆ, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ಡೆಸ್ಕ್‌ಟಾಪ್ ಮುಂತಾದ ಕೆಲವೇ ಜಾಗಗಳನ್ನು ಸೂಚಿಗೆ, ಅಂದರೆ ಯಾವ ಪದ ಯಾವ ಫೈಲಿನಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುವ ಪಟ್ಟಿಗೆ, ಸೇರಿಸಿಕೊಳ್ಳುತ್ತದೆ. ಇಡೀ ಯಂತ್ರ ಬೇಕಾದರೆ 'ಎನ್‌ಹ್ಯಾನ್ಸ್ಡ್' ಎಂಬ ಆಯ್ಕೆಯನ್ನು ಹುಡುಕಿ ಒತ್ತಬೇಕು. ಕ್ಲೌಡಿನಲ್ಲೇ ಉಳಿದು ಡಿಸ್ಕಿಗೆ ಇಳಿಯದ ಫೈಲಿನ ಹೆಸರು ಸಿಗುತ್ತದೆ, ಒಳಗಿನ ಮಾತು ಸಿಗುವುದಿಲ್ಲ. ಅದು ಇಲ್ಲಿ ಇದ್ದರೆ ತಾನೇ ಸಿಗುವುದು? ನಮ್ಮ ಪಾಲಿಗೆ ಇನ್ನೊಂದು ಗೋಳೂ ಇದೆ. ಯೂನಿಕೋಡ್ ಬರುವ ಮುನ್ನಿನ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಸಂಕೇತ. ಯೂನಿಕೋಡಿನಲ್ಲಿ ಎಷ್ಟೇ ಹುಡುಕಿದರೂ ಅದು ಕೈಗೆ ಹತ್ತದು. ಈ ಕೊನೆಯ ಗೋಳನ್ನು ಹೊಸ ತಂತ್ರಾಂಶವೂ ಕಳೆಯಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಉಚಿತ ಆವೃತ್ತಿಯನ್ನು ಇಳಿಸಿಕೊಂಡೆ. ಕ್ಲೌಡ್ ಖಾತೆಯನ್ನು ಜೋಡಿಸು ಎಂದಿತು, ಜೋಡಿಸಿದೆ. ಆಗ ಬಂದ ಅನುಮತಿಯ ಪರದೆಯಲ್ಲಿ, ಖಾತೆಯಲ್ಲಿರುವ ಎಲ್ಲ ಫೈಲ್‌ಗಳನ್ನು ನೋಡಲು, ತಿದ್ದಲು, ಸೃಷ್ಟಿಸಲು, ಅಳಿಸಲು ಒಪ್ಪಿಗೆ ಕೇಳಿತ್ತು. ಹುಡುಕುವುದಷ್ಟೇ ಕೆಲಸವಾದರೆ ಅಳಿಸುವ ಹಕ್ಕು ಯಾಕೆ ಬೇಕು? ಆ ಪ್ರಶ್ನೆ ಆವತ್ತು ಏಳಲಿಲ್ಲ. ಓದಲು ಮಾತ್ರ ಬಿಡುವ ಅನುಮತಿ ಬೇರೆಯೇ ಇರುತ್ತದೆ, ತಂತ್ರಾಂಶದವರು ಬಯಸಿದ್ದರೆ ಅಷ್ಟನ್ನೇ ಕೇಳಬಹುದಿತ್ತು ಎಂಬುದು ಗೊತ್ತಾಗಿದ್ದು ಆಮೇಲೆ.

ಮೊದಲ ಎರಡು ದಿನ ಹಬ್ಬ. ಐದು ವರ್ಷದಿಂದ ಮುಖ ತೋರಿಸದ ಕರಡುಗಳು ಒಂದು ಪದ ಹಾಕಿದೊಡನೆ ಸಾಲಾಗಿ ನಿಂತವು. ಎಡಕ್ಕೆ ಫಲಿತಾಂಶದ ಪಟ್ಟಿ, ಬಲಕ್ಕೆ ಆ ಫೈಲಿನ ಪಠ್ಯ, ಹುಡುಕಿದ ಪದದ ಮೇಲೆ ಹಳದಿ ಬಣ್ಣ. ಮೂರನೆಯ ದಿನ ಡಿಸ್ಕ್ ತುಂಬಿತು.

ಯಾಕೆ ತುಂಬಿತು ಎಂದು ಆಗ ಹೊಳೆಯಲಿಲ್ಲ, ಈಗ ಗೊತ್ತು. ಕ್ಲೌಡಿನ ಸಿಂಕ್ ಫೋಲ್ಡರಿನಲ್ಲಿ, ಅಂದರೆ ಕ್ಲೌಡಿನ ಜೊತೆ ತಾನಾಗಿ ಸರಿಹೊಂದುತ್ತಿರುವ ನಮ್ಮ ಡಿಸ್ಕಿನ ಫೋಲ್ಡರಿನಲ್ಲಿ, ನಮಗೆ ಕಾಣುವ ಎಷ್ಟೋ ಫೈಲ್‌ಗಳು ಬರೀ ಹೆಸರಿನ ಚೀಟಿಗಳು. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಒನ್‌ಡ್ರೈವ್‌ನಲ್ಲಾದರೆ ಅವುಗಳ ಪಕ್ಕದಲ್ಲಿ ಪುಟ್ಟ ಮೋಡದ ಗುರುತು ಇರುತ್ತದೆ. ಯಾರಾದರೂ ತೆರೆದಾಗ ಮಾತ್ರ ಪೂರ್ತಿ ಫೈಲ್ ಇಳಿದು ಬರುತ್ತದೆ. ನಾನು ತೆರೆದರೂ ಸರಿ, ಹುಡುಕು ತಂತ್ರಾಂಶ ಪಠ್ಯ ಓದಲು ತೆರೆದರೂ ಸರಿ, ಇಳಿಯುವುದು ಇಳಿಯುವುದೇ. ಸೂಚಿ ಕಟ್ಟುವ ಉತ್ಸಾಹದಲ್ಲಿ ಈ ಮಹಾನುಭಾವ ಒಂದೊಂದೇ ಚೀಟಿಯನ್ನು ತಟ್ಟಿ ಎಬ್ಬಿಸಿ ಇಡೀ ಕ್ಲೌಡನ್ನು ನನ್ನ ಡಿಸ್ಕಿಗೆ ತಂದು ಸುರಿದಿತ್ತು. ಮದ್ದು ಸುಲಭವಿತ್ತು. ಆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ 'ಫ್ರೀ ಅಪ್ ಸ್ಪೇಸ್' ಎಂದಿದ್ದರೆ ಎಲ್ಲವೂ ಮತ್ತೆ ಚೀಟಿಗಳಾಗುತ್ತಿದ್ದವು, ಕ್ಲೌಡಿನ ಫೈಲ್ ಕ್ಲೌಡಿನಲ್ಲೇ ಇರುತ್ತಿತ್ತು.

ನಾನು ಹಿಡಿದದ್ದು ಬೇರೆ ದಾರಿ. ಪಟ್ಟಿಯನ್ನು ನೋಡುತ್ತ ಕುಳಿತವನಿಗೆ ಪ್ರತಿ ಫೈಲ್ ಎರಡು ಸಲ ಇರುವುದು ಕಂಡಿತು. ಒಂದು ಸಾಲಿನ ಮುಂದೆ ಡಿಸ್ಕಿನ ಚಿತ್ರ, ಇನ್ನೊಂದರ ಮುಂದೆ ಮೋಡ. ಅದೇ ಹೆಸರು, ಅದೇ ಗಾತ್ರ, ಅದೇ ದಿನಾಂಕ. ಮೇಲ್ತುದಿಯಲ್ಲಿ 'ನಕಲುಗಳನ್ನು ತೋರಿಸು' ಎಂಬರ್ಥದ ಗುಂಡಿಯೂ ಇತ್ತು. ಒತ್ತಿದೆ. ಡಿಸ್ಕಿನ ಸಾಲುಗಳನ್ನೆಲ್ಲ ಆರಿಸಿದೆ. ಕ್ಲೌಡಿನಲ್ಲಿ ಒಂದು ಪ್ರತಿ ಭದ್ರವಾಗಿರುವಾಗ ಇಲ್ಲಿ ಇನ್ನೊಂದು ಯಾಕೆ ಎಂದು ಅಳಿಸಿದೆ. ಜಾಗ ಬೇಕಿತ್ತಲ್ಲ, ರಿಸೈಕಲ್ ಬಿನ್ ಅನ್ನೂ ಖಾಲಿ ಮಾಡಿದೆ.

ಅಲ್ಲಿ ಎರಡು ಫೈಲ್ ಇರಲೇ ಇಲ್ಲ. ಇದ್ದದ್ದು ಒಂದು. ಅದನ್ನು ತಂತ್ರಾಂಶ ಒಮ್ಮೆ ನನ್ನ ಡಿಸ್ಕಿನ ಸಿಂಕ್ ಫೋಲ್ಡರಿನ ಕಡೆಯಿಂದ ನೋಡಿತ್ತು, ಇನ್ನೊಮ್ಮೆ ನಾನು ಜೋಡಿಸಿಕೊಟ್ಟ ಖಾತೆಯ ಕಡೆಯಿಂದ ನೋಡಿತ್ತು. ಮುಂಬಾಗಿಲಲ್ಲಿ ಒಂದು ಸಲ, ಹಿತ್ತಿಲ ಬಾಗಿಲಲ್ಲಿ ಒಂದು ಸಲ ಎಣಿಸಿ ಮನೆಯಲ್ಲಿ ಇಬ್ಬರಿದ್ದಾರೆ ಎಂದ ಹಾಗೆ. ಸಿಂಕ್ ಫೋಲ್ಡರಿನಲ್ಲಿ ಅಳಿಸಿದ್ದನ್ನು ಕ್ಲೌಡಿನಲ್ಲೂ ಅಳಿಸುವುದು ಸಿಂಕ್‌ನ ಧರ್ಮ. ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಬಹಳ ಫೈಲ್‌ಗಳು ಅಳಿದಿವೆ ಎಂದು ಪರದೆಯ ಮೂಲೆಯಲ್ಲಿ ಒಂದು ಸೂಚನೆ ಇಣುಕಿದ್ದೂ ನೆನಪಿದೆ. ಅಳಿಸಿದ್ದು ನಾನೇ ತಾನೇ ಎಂದು 'ಸರಿ' ಒತ್ತಿದ್ದೆ.

ಸಂದೇಹ ಬಾರದಿರಲು ಇನ್ನೊಂದು ಕಾರಣವಿತ್ತು. ಡಿಸ್ಕಿನ ಸಾಲುಗಳು ಪಟ್ಟಿಯಿಂದ ಮಾಯವಾದವು, ಮೋಡದ ಸಾಲುಗಳು ಹಾಗೆಯೇ ನಿಂತಿದ್ದವು. ಉಚಿತ ಆವೃತ್ತಿಯಲ್ಲಿ ಕ್ಲೌಡಿನ ಸೂಚಿ ತಾನಾಗಿ ಹೊಸದಾಗುವುದಿಲ್ಲ, ನಾವೇ ಗುಂಡಿ ಒತ್ತಿ ಹೊಸದು ಮಾಡಬೇಕು. ಅದನ್ನು ತಿಳಿಯದೆ ಆರು ವಾರ ಆ ಪಟ್ಟಿಯನ್ನು ನಂಬಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆರನೆಯ ವಾರ ಒಂದು ಪದ ಬೇಕಾಯಿತು. ಹಾಕಿದೆ, ಪದಪಟ್ಟಿ ಬಂತು. ಬಲಗಡೆ ನನ್ನದೇ ಸಾಲುಗಳು, ಪದದ ಮೇಲೆ ಅದೇ ಹಳದಿ. ತೆರೆಯಲು ಒತ್ತಿದರೆ 'ಫೈಲ್ ಸಿಗುತ್ತಿಲ್ಲ' ಎಂದಿತು. ಮತ್ತೊಂದನ್ನು ಒತ್ತಿದೆ. ಅದೂ ಇಲ್ಲ. ಮೊಬೈಲಿನಲ್ಲಿ ಕ್ಲೌಡ್ ತೆರೆದೆ, ಫೋಲ್ಡರ್ ಇರಬೇಕಾದ ಕಡೆ ಏನೂ ಇರಲಿಲ್ಲ. ಬ್ರೌಸರಿನಲ್ಲಿ ಅದರ ಕಸದಬುಟ್ಟಿಗೆ ಹೋದೆ. ಅದೂ ಖಾಲಿ. ಗೂಗಲ್ ಡ್ರೈವ್ ಇರಲಿ, ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಿರಲಿ, ಅಳಿಸಿದ್ದನ್ನು ಕಾಯ್ದಿಡುವುದು 30 ದಿನ. ನಾನು ಹೋಗಿದ್ದು ನಲವತ್ತು ದಿನ ಕಳೆದ ಮೇಲೆ.

ಸತ್ತ ಫೈಲಿನ ಮಾತು ಮಾತ್ರ ಸೂಚಿಯಲ್ಲಿ ಜೀವಂತ ಉಳಿದಿತ್ತು. ಎರಡು ರಾತ್ರಿ ಕುಳಿತು ಒಂದೊಂದೇ ಪ್ರಿವ್ಯೂವಿನಿಂದ ಪಠ್ಯವನ್ನು ನಕಲಿಸಿಕೊಂಡೆ. ಅಪ್ಪಿತಪ್ಪಿ 'ಹೊಸದು ಮಾಡು' ಗುಂಡಿಗೆ ಕೈ ತಗುಲಿದರೆ ಅದೂ ಹೋಗುತ್ತದೆಂಬ ಭಯಕ್ಕೆ ಇಂಟರ್‌ನೆಟ್ ಕೇಬಲ್ಲನ್ನೇ ಕಿತ್ತಿಟ್ಟಿದ್ದೆ. ಎರಡನೆಯ ರಾತ್ರಿ ಮಾತ್ರ ಬೇರೊಂದು ಯೋಚನೆ ಬೆನ್ನಿಗೆ ತಣ್ಣೀರು ಸುರಿಯಿತು. ಅಳಿಸಿ ಆರು ವಾರವಾದ ಪದಪಟ್ಟಿ ಇಲ್ಲಿ ಹೀಗೆ ಓದಲು ಸಿಗುವುದಾದರೆ, ಹಿಂದೆಂದೋ ಪಾಸ್‌ವರ್ಡ್ ಬರೆದಿಟ್ಟಿದ್ದ ಟಿಪ್ಪಣಿ, ಬ್ಯಾಂಕ್ ಕಾಗದಗಳು? ಹುಡುಕಿದೆ. ಎಲ್ಲವೂ ಇದ್ದವು. ಸೂಚಿಯ ಫೈಲನ್ನು ಸಾದಾ ಪಠ್ಯ ಸಂಪಾದಕದಲ್ಲಿ ತೆರೆದರೂ ಸಾಲುಗಳು ಓದಲು ಬರುತ್ತಿದ್ದವು. ಯಾವ ಬೀಗವೂ ಇರಲಿಲ್ಲ.

ಈ ಆತಂಕ ಹೊಸದೇನೂ ಅಲ್ಲ. 2004ರಲ್ಲಿ ಬಂದ ಗೂಗಲ್ ಡೆಸ್ಕ್‌ಟಾಪ್ ಎಂಬ ಹುಡುಕು ತಂತ್ರಾಂಶ 2006ರಲ್ಲಿ, ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದರಿಂದ ಹುಡುಕಲೆಂದು, ಪಠ್ಯವನ್ನು ಗೂಗಲ್ಲಿನ ಸರ್ವರ್‌ಗೆ ಕಳಿಸಿಡುವ ಸೌಲಭ್ಯವನ್ನು ಸೇರಿಸಿತು. ಅದನ್ನು ಬಳಸಬೇಡಿ ಎಂದು ಡಿಜಿಟಲ್ ಲೋಕದಲ್ಲಿ ಜನರ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಆಗಲೇ ಜನರನ್ನು ಎಚ್ಚರಿಸಿತ್ತು. ತಂತ್ರಾಂಶ 2011ರಲ್ಲಿ ನಿಂತುಹೋಯಿತು.

ನನ್ನದನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಮಾಡಿದರೂ ಹೋಗಲಿಲ್ಲ ಎನ್ನಬೇಕು. ಸೂಚಿಯ ಫೋಲ್ಡರ್ ಕಣ್ಣಿಗೆ ಕಾಣದ 'ಆ್ಯಪ್‌ಡೇಟಾ' ಎಂಬ ವಿಂಡೋಸ್ ಫೋಲ್ಡರಿನೊಳಗೆ ಹಾಗೆಯೇ ಬಿದ್ದಿತ್ತು, ನಾನೇ ಹೋಗಿ ತೆಗೆಯಬೇಕಾಯಿತು. ಕ್ಲೌಡ್ ಖಾತೆಯ ಭದ್ರತೆಯ ಪುಟದಲ್ಲಿ, ಸಂಪರ್ಕ ಹೊಂದಿರುವ ತಂತ್ರಾಂಶಗಳ ಪಟ್ಟಿಯಲ್ಲಿ, ಅಳಿಸುವ ಹಕ್ಕಿನ ಸಮೇತ ಅದರ ಹೆಸರು ಇನ್ನೂ ಇತ್ತು. ಕಂಪ್ಯೂಟರಿನಿಂದ ತೆಗೆದ ಮಾತ್ರಕ್ಕೆ ಕೊಟ್ಟ ಅನುಮತಿ ರದ್ದಾಗುವುದಿಲ್ಲ. ಆ ಪುಟಕ್ಕೆ ಹೋಗಿಯೇ ಕಿತ್ತುಹಾಕಬೇಕು. ಇವತ್ತೇ ಒಮ್ಮೆ ನಿಮ್ಮ ಖಾತೆಯ ಆ ಪಟ್ಟಿಯನ್ನು ನೋಡಿ. ಮರೆತೇಹೋದ ಯಾರ್‍ಯಾರೋ ಅಲ್ಲಿ ಕುಳಿತಿರುತ್ತಾರೆ.

ಈಗ ಹೆಸರಿನಿಂದ ಹುಡುಕಲು 'ಎವೆರಿಥಿಂಗ್' ಎಂಬ ತಂತ್ರಾಂಶ ಬಳಸುತ್ತೇನೆ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಡಿಸ್ಕಿನ ಫೈಲ್ ಪಟ್ಟಿಯನ್ನೇ ನೇರವಾಗಿ ಓದುವುದರಿಂದ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೋರಿಸುತ್ತದೆ, ಸೂಚಿ ಕಟ್ಟಲು ಯಾವ ಫೈಲನ್ನೂ ತೆರೆಯುವುದಿಲ್ಲ. ಒಳಗಿನ ಪಠ್ಯ ಬೇಕಾದಾಗ 'ಡಾಕ್‌ಫೆಚರ್'. ಅದಕ್ಕೆ ನಾನು ತೋರಿಸಿದ ಫೋಲ್ಡರ್ ಬಿಟ್ಟು ಬೇರೆ ಪ್ರಪಂಚವಿಲ್ಲ. ಕ್ಲೌಡಿನಲ್ಲಿರುವುದನ್ನು ಆಯಾ ಕ್ಲೌಡಿನ ಪುಟದಲ್ಲೇ ಹುಡುಕುತ್ತೇನೆ. ಎರಡು ಕಡೆ ಹುಡುಕುವ ಬೇಸರ ಇದ್ದೇ ಇದೆ, ಇರಲಿ. ಎರಡನ್ನೂ ಸೇರಿಸುವ ತಂತ್ರಾಂಶ ನಿಮಗೆ ಬೇಕೇಬೇಕೆಂದಿದ್ದರೆ ಮೊದಲು ಕೆಲಸಕ್ಕೆ ಬಾರದ ಒಂದು ಫೈಲನ್ನು ಸಿಂಕ್ ಫೋಲ್ಡರಿನಲ್ಲಿಟ್ಟು, ಪಟ್ಟಿಯಲ್ಲಿ ಅದು ಎರಡಾಗಿ ಕಂಡಾಗ ಒಂದನ್ನು ಅಳಿಸಿ, ಮೊಬೈಲಿನಲ್ಲಿ ಕ್ಲೌಡ್ ತೆರೆದು ನೋಡಿ. ಐದು ನಿಮಿಷದ ಕೆಲಸ. ಮತ್ತೆ, ಸಿಂಕ್ ಆದ ಫೈಲನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ನನ್ನದು ಈಗ ಹೊರಗಿನ ಡಿಸ್ಕಿಗೆ ಬೇರೆಯಾಗಿ ಹೋಗುತ್ತದೆ, ಆ ಡಿಸ್ಕ್ ಮೇಜಿನ ಖಾನೆಯಲ್ಲಿ ಕೇಬಲ್ ಕಳಚಿಕೊಂಡು ಕುಳಿತಿರುತ್ತದೆ.

ಪ್ರಿವ್ಯೂಗಾಗಿ ಆ ತಂತ್ರಾಂಶ ಪ್ರತಿ ಫೈಲಿನ ಮೊದಲ ಭಾಗವನ್ನಷ್ಟೇ ಇಟ್ಟುಕೊಂಡಿತ್ತು. ಹಾಗಾಗಿ ಚಿಕ್ಕ ಕರಡುಗಳು ಪೂರ್ತಿ ಬಂದವು, ದೊಡ್ಡವು ಅರ್ಧಕ್ಕೆ ನಿಂತವು. ದೊಡ್ಡ ಪದಪಟ್ಟಿ ಅಕಾರಾದಿಯಲ್ಲಿ 'ತ'ವರೆಗೆ ಸಿಕ್ಕಿದೆ. 'ದ'ದಿಂದ ಮತ್ತೆ ಬರೆಯುತ್ತಿದ್ದೇನೆ.