ಬಾಲ್ಟಿಮೋರ್ ಡೆಂಟಲ್ ಮ್ಯೂಸಿಯಂ, ಅಪ್ಪನ ಸೆಟ್ಟು, ವಾಷಿಂಗ್ಟನ್ ಸೆಟ್ಟು

ಹಾಸನದಿಂದ ಅಪ್ಪ ಬಂದಿದ್ರು, ಅಕ್ವೇರಿಯಂ ಎರಡು ಸಲ ತೋರಿಸಿ ಆಗಿತ್ತು, ಇನ್ನೆಲ್ಲಿಗಪ್ಪಾ ಕರ್ಕೊಂಡು ಹೋಗೋದು ಅಂತಿದ್ದಾಗ ಗ್ರೀನ್ ಸ್ಟ್ರೀಟಲ್ಲಿರೋ ನ್ಯಾಷನಲ್ ಮ್ಯೂಸಿಯಂ ಆಫ್ ಡೆಂಟಿಸ್ಟ್ರಿ ನೆನಪಾಯ್ತು. "ಹಲ್ಲು ನೋಡಕ್ಕೆ ಟಿಕೆಟ್ ಬೇರೆ ಕೇಡು, ನನ್ ಸೆಟ್ಟು ದಿನಾ ರಾತ್ರಿ ಲೋಟದಲ್ಲೇ ಇರುತ್ತಲ್ಲೋ" ಅಂತ ಗೊಣಗ್ತಾನೇ ಕಾರು ಹತ್ತಿದ್ರು.

ಮ್ಯೂಸಿಯಂ ಇಲ್ಲೇ ಯಾಕೆ ಅಂದ್ರೆ, ಪ್ರಪಂಚದ ಮೊದಲ ಡೆಂಟಲ್ ಕಾಲೇಜು ಶುರುವಾಗಿದ್ದು ಇದೇ ಊರಲ್ಲಿ, 1840ರಲ್ಲಿ, ಹೊರೇಸ್ ಹೇಡನ್ ಮತ್ತೆ ಚೇಪಿನ್ ಹ್ಯಾರಿಸ್ ಅಂತ ಇಬ್ರು ಸೇರಿ ಮಾಡಿದ್ದು. ಫ್ರಾನ್ಸಲ್ಲಿ ಪಿಯೆರ್ ಫೋಶಾರ್ 1728ರಲ್ಲೇ ಹಲ್ಲಿನ ವೈದ್ಯದ ಮೇಲೆ ದೊಡ್ಡ ಪುಸ್ತಕ ಬರೆದಿದ್ದ, ಆದ್ರೂ ನೂರು ವರ್ಷ ಆದ್ಮೇಲೂ ಯಾರದೋ ಕೈಕೆಳಗೆ ಕಲಿತು ಬೋರ್ಡ್ ಹಾಕ್ಕೊಂಡೋರೇ ಜಾಸ್ತಿ, ಕ್ಷೌರದೋರು, ಕಮ್ಮಾರರು ಕೂಡ ಹಲ್ಲು ಕೀಳೋರೇ. ಈ ಕಾಲೇಜಿನ ಮೊದಲ ಬ್ಯಾಚಲ್ಲಿ ಐದೇ ಜನ, 1841ರಲ್ಲಿ ಡಿಗ್ರಿ ತಗೊಂಡಿದ್ದು ಇಬ್ರು. ನಮ್ಮೂರಲ್ಲಿ ಡೆಂಟಲ್ ಸೀಟಿಗೆ ಬಡ್ಕೊಳೋದು ನೆನೆಸ್ಕೊಂಡು ನಗು ಬಂತು.

ವಿಕ್ಟೋರಿಯಾ ರಾಣಿಯ ಹಲ್ಲಿಗೆ ಅಂತ ಇಟ್ಟಿದ್ದ ಉಪಕರಣಗಳೂ ಇವೆ, ನಾವು ಹಂಗೇ ನೋಡ್ಕೊಂಡು ಮುಂದೆ ಹೋದ್ವಿ. ಅಪ್ಪ ನಿಂತಿದ್ದು ಜಾರ್ಜ್ ವಾಷಿಂಗ್ಟನ್ ಸೆಟ್ಟಿನ ಮುಂದೆ. ಮರದ ಹಲ್ಲು ಅಂತ ಎಲ್ರೂ ಹೇಳ್ತಾರಲ್ಲ, ಸುಳ್ಳು. ಅವನ ಸೆಟ್ಟುಗಳಿಗೆ ಹಾಕ್ತಿದ್ದಿದ್ದು ನೀರಾನೆ ದಂತ, ಸೀಸ, ಮನುಷ್ಯರ ಹಲ್ಲು. ಮೇಲಿಂದು ಕೆಳಗಿಂದು ಸೇರಿಸಿ ಸ್ಪ್ರಿಂಗು, ಬಾಯಿ ಮುಚ್ಚಿರ್ಬೇಕು ಅಂದ್ರೆ ದವಡೆ ಅದುಮಿ ಹಿಡಿದಿರ್ಬೇಕು. 1789ರಲ್ಲಿ ಪ್ರೆಸಿಡೆಂಟ್ ಆದಾಗ ಸ್ವಂತ ಹಲ್ಲು ಉಳಿದಿದ್ದು ಒಂದೇ. ಅವನ ಎಸ್ಟೇಟಿನ 1784ರ ಲೆಕ್ಕದಲ್ಲಿ ಗುಲಾಮರಿಂದ ಒಂಬತ್ತು ಹಲ್ಲು ಕೊಂಡ ಖರ್ಚೂ ಇದೆ, ಅದನ್ನ ನಾನು ಮೊದಲೇ ಓದಿದ್ದೆ, ಅಲ್ಲೇ ಅಪ್ಪಂಗೆ ಹೇಳಿದೆ. ಕಡಲೆ, ಹಲ್ಲು ಅಂತ ಗಾದೆ ಶುರು ಮಾಡ್ತಾರೆ ಅನ್ಕೊಂಡಿದ್ದೆ, ಮಾಡ್ಲಿಲ್ಲ. ಸುಮಾರು ಹೊತ್ತು ನಾಲಿಗೇಲಿ ತಮ್ಮ ಸೆಟ್ಟನ್ನೇ ಮೇಲಕ್ಕೂ ಕೆಳಕ್ಕೂ ಆಡಿಸ್ತಾ ನಿಂತಿದ್ರು.

ನನ್ನ ಲೆಕ್ಕದಲ್ಲಿ 5ಕ್ಕೆ 5. ಒಂದೂವರೆ ಗಂಟೆ ಸಾಕು, ಮಕ್ಕಳಿದ್ರೆ ಕರ್ಕೊಂಡು ಹೋಗಿ, ಆದ್ರೆ ಹೊರಡೋ ಮುಂಚೆ ಓಪನ್ ಇದ್ಯಾ ಅಂತ ಫೋನ್ ಮಾಡಿ ಕೇಳ್ಕೊಳಿ. ವಾಪಸ್ ಬರ್ತಾ ಅಪ್ಪ ಕಾರಲ್ಲಿ, "ನಂದು ಮಂಗಳವಾರ ಹೋಗಿ ಟೈಟ್ ಮಾಡಿಸ್ಬೇಕು ಕಣೋ" ಅಂದ್ರು. ಇಲ್ಲಿ ಅದಕ್ಕೆಷ್ಟಾಗುತ್ತೆ ಅಂತ ನಾನು ಬಾಯಿ ಬಿಡ್ಲಿಲ್ಲ.