ತೀರ್ಥಹಳ್ಳಿಯ ಆಜಾದ್ ರಸ್ತೆ ಓಣಿಯ ಪ್ರೆಸ್ಸು: ಮದುವೆ ಕಾಗದಕ್ಕೆ ಹೋದವಳು ವಾರ್ಡ್ ಚುನಾವಣೆ ಓದಿ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು. ಯಾರ ಮನೆ ಮದುವೆ ಕಾಗದ ಬಂದರೂ ಮುಹೂರ್ತಕ್ಕಿಂತ ಮೊದಲು ಒತ್ತಕ್ಷರ ನೋಡುವ ಚಾಳಿ. ಹಾಗಾಗಿ ಈ ಪ್ರೆಸ್ಸಿಗೆ ಕೆಳಗೆ ಕೊಟ್ಟ ಅಂಕ ಬಿಗಿ ಅನಿಸಿದರೆ ಅದು ಅಭ್ಯಾಸಬಲ, ಪ್ರೆಸ್ಸಿನವರ ಮೇಲೆ ಸಿಟ್ಟಲ್ಲ.

ಮಗನ ಮದುವೆಗೆ 400 ಕಾಗದ ಬೇಕಿತ್ತು. ಮಗನೇ ಶಿವಮೊಗ್ಗದ ಒಂದು ಅಂಗಡಿಗೆ (ಹೆಸರು ಬೇಡ ಬಿಡಿ) ವಾಟ್ಸ್‌ಆ್ಯಪ್‌ನಲ್ಲಿ ವಿವರ ಕಳಿಸಿದ್ದ. ಎರಡೇ ದಿನಕ್ಕೆ ಚಿನ್ನದ ಬಣ್ಣದ ಕಾಗದ ಮನೆಗೇ ಬಂತು. ಬಿಚ್ಚಿ ನೋಡಿದರೆ 'ಶುಭವಿವಾಹ'ದ ಭಕಾರಕ್ಕೆ ಹೊಟ್ಟೆ ಸೀಳಿಲ್ಲ, 'ಶುಬವಿವಾಹ' ಆಗಿ ಕೂತಿದೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಕೆಳಗೆ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನಮ್ಮ ಮನೆಯವರ ದೊಡ್ಡಣ್ಣನ ಹೆಸರಿನ ಹಿಂದೆ 'ದಿ॥'! ಇನ್ಯಾರದೋ ಮದುವೆಯ ಫೈಲಿನ ಮೇಲೆಯೇ ಹೆಸರು ಬದಲಿಸಿ ಹೊಡೆದಿದ್ದಾರೆ. ಆ ಜಾಗದಲ್ಲಿದ್ದ ಯಾವ ಪುಣ್ಯಾತ್ಮರದ್ದೋ ಏನೋ, ಆ ದಿ॥ ಬಂದು ನಮ್ಮ ಭಾವನವರ ತಲೆಯ ಮೇಲೆ ಕೂತಿತು. ಭಾವನವರು ಆ ಹೊತ್ತಿಗೆ ನಮ್ಮ ಜಗಲಿಯಲ್ಲೇ ಕೂತು ಅಡಕೆ ಕತ್ತರಿಸುತ್ತಿದ್ದರು. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಊಟದ ಎಲೆ ಲೆಕ್ಕದಲ್ಲಿ ನಂದೊಂದು ಕಮ್ಮಿ ಮಾಡ್ಬಿಡು ಮಾರಾಯ್ತಿ" ಅಂದರು.

ಇಡೀ ಕಟ್ಟು ಬಚ್ಚಲೊಲೆಗೆ ಹೋಯಿತು. ಮಾರನೇ ದಿನ ನಾನು ತೀರ್ಥಹಳ್ಳಿ ಬಸ್ಸು ಹತ್ತಿದೆ.

ಪ್ರೆಸ್ಸಿರುವುದು ಆಜಾದ್ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ. ಬೋರ್ಡು ಮಳೆಗೆ ಮಾಸಿದೆ, ಶಾಯಿಯ ವಾಸನೆ ಹಿಡಿದು ಹೋದರೆ ತಪ್ಪುವುದಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಹಿಂದೆ ಆಫ್‌ಸೆಟ್ ಮಷಿನ್. ಮೂಲೆಯಲ್ಲಿ ಯಜಮಾನರ ಅಪ್ಪನ ಕಾಲದ ಟ್ರೆಡಲ್ (ಕಾಲಲ್ಲಿ ತುಳಿದು ಅಚ್ಚು ಹಾಕುವ ಮಷಿನ್) ಇನ್ನೂ ಇದೆ, ಈಗ ಅದರ ಕೆಲಸ ಬಿಲ್ ಪುಸ್ತಕಕ್ಕೆ ನಂಬರು ಹೊಡೆಯುವುದಷ್ಟೇ. ಗೋಡೆಗೆ ಒರಗಿಸಿದ ಅಚ್ಚುಮೊಳೆಯ (ಸೀಸದ ಅಕ್ಷರಗಳ) ಕೇಸುಗಳಲ್ಲಿ ಎರಡು ಖಾನೆ ಪೂರ್ತಿ ಖಾಲಿ. ಯಾಕೆ ಅಂತ ಕೇಳಿದೆ. "ಚುನಾವಣೆ ಬಂದ್ರೆ ಮ ಮತ್ತೆ ತ ಸವೀತಿದ್ವು, ಮದುವೆ ಕಾಲ ಬಂದ್ರೆ ಶ್ರೀ. ಳ ಅಂತೂ ಬಾರಾ ತಿಂಗಳೂ ಸವೀತಿತ್ತು. ನಮ್ಮ ಕಡೆ ಹಳ್ಳಿ ಇಲ್ದೇ ಇರೋ ಊರಿನ ಹೆಸರು ಎಲ್ಲಿದೆ ಅಕ್ಕೋರೆ?" ಅಂದರು ಯಜಮಾನರು. ನನ್ನನ್ನು ಈ ಕಾಲದಲ್ಲೂ ಅಕ್ಕೋರೆ ಅಂತ ಕರೆದಿದ್ದಕ್ಕೇ ಅರ್ಧ ಅಂಕ ಕೊಡಬೇಕು ಅನಿಸಿತು. ಕೊಟ್ಟಿಲ್ಲ.

ಪ್ರೂಫ್, ಅಂದರೆ ಪೂರ್ತಿ ಅಚ್ಚಿಗೆ ಮೊದಲು ತಪ್ಪು ತಿದ್ದುವ ಹಾಳೆ, ಅದರ ವಿಷಯದಲ್ಲಿ ಇವರು ವಿಚಿತ್ರ. ವಾಟ್ಸ್‌ಆ್ಯಪ್‌ಗೆ ಪ್ರೂಫ್ ಕಳಿಸುವುದೇ ಇಲ್ಲ. ನೀವೇ ಬರಬೇಕು. ಅಚ್ಚಾದ ಹಾಳೆಯನ್ನು ಅವರು ಗಟ್ಟಿಯಾಗಿ ಓದುತ್ತಾರೆ, ನೀವು ನಿಮ್ಮ ಕೈಬರಹ ನೋಡುತ್ತಾ ಕೇಳಬೇಕು. ಆಮೇಲೆ ಅದಲು ಬದಲು: ನೀವು ಓದಬೇಕು, ಅವರು ನೋಡುತ್ತಾರೆ. ಹೆಸರು ಬಂದಾಗಲೆಲ್ಲ ಬೆರಳಿಟ್ಟು ನಿಲ್ಲುತ್ತಾರೆ. ಇನಿಷಿಯಲ್ ಬಂದರೆ ಎರಡು ಸಲ. ಕೊನೆಗೆ ಹಾಳೆಯ ಕೆಳಗೆ ನಿಮ್ಮ ಸಹಿ, ತಾರೀಖು. ನಮ್ಮ ಕಾಗದದಲ್ಲಿ 34 ಹೆಸರಿದ್ದವು, ಮುಕ್ಕಾಲು ಗಂಟೆ ಹಿಡಿಯಿತು. ಮಗ ಜೊತೆಗಿದ್ದಿದ್ದರೆ ಎದ್ದು ಹೋಗುತ್ತಿದ್ದ. ನನಗೆ ಮಾತ್ರ ಬಹಳ ವರ್ಷದ ಮೇಲೆ ಶುದ್ಧಬರಹದ ತರಗತಿ ನಡೆದ ಹಾಗಾಯಿತು. ಭಾವನವರ ಹೆಸರು ಬಂದಾಗ ಅವರು ಬೆರಳಿಟ್ಟು, "ಇದ್ದಾರಲ್ಲ?" ಅಂತ ಕೇಳಿದರು. ಇದ್ದಾರೆ ಅಂದೆ.

ಈ ಕಟ್ಟುನಿಟ್ಟು ಎಲ್ಲಿಂದ ಬಂತು ಅಂದರೆ ಪಟ್ಟಣ ಪಂಚಾಯಿತಿ ಚುನಾವಣೆಯಿಂದ. ಒಮ್ಮೆ ಮಾದರಿ ಮತಪತ್ರ ಹೊಡೆಯುವಾಗ ಅಭ್ಯರ್ಥಿಯ ಕ್ರಮಸಂಖ್ಯೆ 3 ಇರಬೇಕಾದಲ್ಲಿ 2 ಆಯಿತಂತೆ. ಎರಡನೆಯವರು ಎದುರಾಳಿ. ಅದೂ ಅದೇ ಹೆಸರಿನವರು, ಇನಿಷಿಯಲ್ ಒಂದೇ ಬೇರೆ. ಹಂಚೋಕೆ ಹೋದ ಹುಡುಗರನ್ನು ಕುಶಾವತಿ ಹತ್ತಿರ ತಡೆದು ವಾಪಸು ಕರೆಸಿ, ರಾತ್ರಿಯಿಡೀ ಕೂತು ಸ್ವಂತ ಖರ್ಚಿನಲ್ಲಿ ಬೇರೆ ಹೊಡೆದುಕೊಟ್ಟರಂತೆ. "ಲೋಕಸಭೆಗೆ ಒಂದು ಅಕ್ಷರ ತಪ್ಪಿದ್ರೆ ಯಾರಿಗೂ ಗೊತ್ತಾಗಲ್ಲ. ಅದೇ ವಾರ್ಡಲ್ಲಿ ಒಂದು ಮನೆಯೋರು ಮುನಿಸ್ಕೊಂಡ್ರೆ ಸೋಲು." ತೀರ್ಥಹಳ್ಳಿ ಸಣ್ಣ ಊರು, 15 ವಾರ್ಡು. ಒಂದು ವಾರ್ಡಿಗೆ ಮಕ್ಕಳುಮರಿ ಸೇರಿ ಸಾವಿರದ ಆಸುಪಾಸು ಜನ. ಅಲ್ಲಿ ಗೆಲುವಿನ ಅಂತರವನ್ನು ಕೈಬೆರಳಲ್ಲಿ ಎಣಿಸುವಂತಾದರೂ ಆಶ್ಚರ್ಯವಿಲ್ಲ.

ಪ್ರೂಫ್ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಆಷಾಢದ ಮಳೆ, ಬಸ್ಸಿಗೆ ಇನ್ನೂ ಹೊತ್ತಿತ್ತು. ಆಗ ಯಜಮಾನರು ಅಟ್ಟದಿಂದ ಮೂರು ಕಟ್ಟು ಇಳಿಸಿದರು. ಗೋಣಿದಾರದಲ್ಲಿ ಕಟ್ಟಿದ ಹಳೇ ಫೈಲುಗಳು. ಇವರ ಅಪ್ಪ ಶುರುಮಾಡಿದ ಪದ್ಧತಿ: ಯಾವ ಕರಪತ್ರ ಹೊಡೆದರೂ ಒಂದು ಕಚೇರಿ ಪ್ರತಿ ಎತ್ತಿಡುವುದು. ಎಣಿಕೆ ಮುಗಿದ ಸಂಜೆ ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಫಲಿತಾಂಶ ಬರೆಯುವುದು. 'ಗೆದ್ದರು', 'ಸೋತರು'. ಒಂದೊಂದರ ಮೇಲೆ 'ಸೋತರು, ಬಾಕಿ ಬರಬೇಕು'. ನೋಡನೋಡುತ್ತಾ ನಾನು ಬಂದ ಕೆಲಸವೇ ಮರೆತೆ.

ಮೊಳೆ ಕಾಲದ ಕರಪತ್ರಗಳು ಡೆಮ್ಮಿ ಹಾಳೆಯ ಎಂಟನೇ ಒಂದು ಪಾಲಿನ ಸೈಜು, ತೆಳ್ಳಗಿನ ಗುಲಾಬಿ, ಹಳದಿ ಕಾಗದ. ಫೋಟೋ ಇಲ್ಲ, ಅದರ ಬ್ಲಾಕ್ (ಲೋಹದ ಅಚ್ಚು) ಮಾಡಿಸಲು ದುಡ್ಡು ಜಾಸ್ತಿ. ಬರೀ ಚಿಹ್ನೆ, ಹೆಸರು, ಅಭ್ಯರ್ಥಿಯ ತಂದೆಯ ಹೆಸರು, ಕೆಳಗೆ ಇರುವೆ ಸಾಲಿನ ಹಾಗೆ ವಿನಂತಿದಾರರು. ಆ ಕಟ್ಟು ತೆಳು. ಆಗೆಲ್ಲ ಚುನಾವಣೆ ಸರ್ಕಾರಕ್ಕೆ ಮನಸ್ಸು ಬಂದಾಗ. ಐದು ವರ್ಷಕ್ಕೊಮ್ಮೆ ನಡೆಯಲೇಬೇಕು, ಅದನ್ನು ನಡೆಸಲು ರಾಜ್ಯಕ್ಕೊಂದು ಚುನಾವಣಾ ಆಯೋಗ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳಿದ್ದು ಆಮೇಲೆ. ಅದು 1993ರ ಜೂನ್ 1ರಿಂದ ಜಾರಿಗೆ ಬಂತು. ಅಲ್ಲಿಂದಾಚೆ ಫೈಲು ದಪ್ಪಗಾಗುತ್ತಾ ಹೋಗುತ್ತದೆ.

ಅದೇ ತಿದ್ದುಪಡಿ ಹೆಂಗಸರಿಗೆ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಕೊಟ್ಟಿತು. ನಮ್ಮ ರಾಜ್ಯ ಮುಂದೆ ಅದನ್ನು ಅರ್ಧಕ್ಕೆ ಏರಿಸಿತು. ಇದನ್ನು ನಾನು ಸಮಾಜ ಪಾಠದಲ್ಲಿ ಹೇಳಿಕೊಟ್ಟಿದ್ದೇನೆ, ಆದರೆ ಕಣ್ಣಾರೆ ಕಂಡಿದ್ದು ಈ ಫೈಲಿನಲ್ಲಿ. ಒಬ್ಬ ಹೆಂಗಸಿನದೇ ಮೂರು ಕರಪತ್ರ ಇವೆ. ಮೊದಲನೆಯದರಲ್ಲಿ ಗಂಡನ ಕೈಮುಗಿದ ಫೋಟೋ ದೊಡ್ಡದು, ಆಕೆಯದು ಅಂಚೆಚೀಟಿಯಷ್ಟು. ಓಟು ಯಾರಿಗೆ ಅಂತ ಗಾಬರಿಯಾಗಬೇಕು. ಎರಡನೆಯದರಲ್ಲಿ ಇಬ್ಬರೂ ಸಮ. ಮೂರನೆಯದರಲ್ಲಿ ಆಕೆಯೊಬ್ಬಳೇ, ಕನ್ನಡಕ ಹಾಕಿಕೊಂಡು. ಗಂಡ ವಿನಂತಿದಾರರ ಸಾಲಿನಲ್ಲಿ ಏಳನೆಯವನು. ಮೂರೂ ಬೇರೆ ಬೇರೆ ವಾರ್ಡಿನವು. ಪ್ರತಿ ಚುನಾವಣೆಗೂ ಮೀಸಲಾತಿ ಸುತ್ತುತ್ತದಲ್ಲ, ಹಿಂದಿನ ಸಲದ ವಾರ್ಡು ಈ ಸಲ ಇನ್ಯಾರಿಗೋ ಮೀಸಲು. ಹಾಗಾಗಿ ಆಕೆ ಸೊಪ್ಪುಗುಡ್ಡೆಯಿಂದ ಬೆಟ್ಟಮಕ್ಕಿ ಕಡೆಗೆ, ಅಲ್ಲಿಂದ ಸೀಬಿನಕೆರೆ ಕಡೆಗೆ ಬೀಡು ಬದಲಿಸಿದ್ದಾರೆ. ಬೆನ್ನು ತಿರುಗಿಸಿ ನೋಡಿದೆ. ಸೋತರು, ಸೋತರು, ಗೆದ್ದರು.

ಭರವಸೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚರಂಡಿ ಇಲ್ಲದ ಕರಪತ್ರ ಒಂದೂ ಸಿಗಲಿಲ್ಲ.

ಪ್ರತಿಯೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಎಷ್ಟು ಪ್ರತಿ ಅನ್ನುವ ಸಾಲಿದೆ. ವಿಧಾನಸಭೆ, ಲೋಕಸಭೆ ಚುನಾವಣೆಗೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಹಾಕುವುದು ಕಡ್ಡಾಯ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಹೊಡೆಸುವವರು ಬರೆದುಕೊಡಬೇಕು, ಅವರ ಗುರುತು ಬಲ್ಲ ಇಬ್ಬರು ಸಹಿ ಹಾಕಬೇಕು, ಮುದ್ರಕರು ಒಂದು ಪ್ರತಿ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲ 2000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಇವರು ಅದೇ ಕಟ್ಟಳೆಯನ್ನು ವಾರ್ಡ್ ಚುನಾವಣೆಗೂ ಹಿಡಿದಿದ್ದಾರೆ. ಮದುವೆ ಕಾಗದಕ್ಕೂ ಸಹಿ ಕೇಳುವುದು ಅದೇ ಚಟದ ಮುಂದುವರಿಕೆ.

ಲೋಕಸಭೆಯ ಕರಪತ್ರ ಫೈಲಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. "ಅವು ಲಾರೀಲಿ ಬೆಂಗಳೂರಿಂದ ಬರ್ತಾವೆ. ವಾರ್ಡಿನ ಚುನಾವಣೆ ಮಾತ್ರ ನಮ್ಮದು" ಅಂದರು. ಆ ಎರಡು ಚುನಾವಣೆಗೆ ಎಷ್ಟು ದೂರ ಅನ್ನುವುದು ನನಗೂ ಗೊತ್ತು. 2019ರ ಮೇ 23ರಂದು ಲೋಕಸಭೆ ಎಣಿಕೆ, ಬಿಜೆಪಿಯ ಬಿ.ವೈ. ರಾಘವೇಂದ್ರ ಶಿವಮೊಗ್ಗ ಕ್ಷೇತ್ರವನ್ನು ಎರಡು ಲಕ್ಷಕ್ಕೂ ಹೆಚ್ಚು ಮತದಿಂದ ಗೆದ್ದರು. ಅದಾಗಿ ಆರನೇ ದಿನ, ಮೇ 29ಕ್ಕೆ, ಪುರಸಭೆಗಳ ಮತದಾನ. ಅವರದೇ ಊರು ಶಿಕಾರಿಪುರದ 23 ವಾರ್ಡಿನಲ್ಲಿ ಕಾಂಗ್ರೆಸ್ಸಿಗೆ 12, ಬಿಜೆಪಿಗೆ 8. ಅವರ ತಂದೆ ಯಡಿಯೂರಪ್ಪನವರು 1975ರಲ್ಲಿ ಸದಸ್ಯರಾಗಿ, 1977ರಲ್ಲಿ ಅಧ್ಯಕ್ಷರಾಗಿ ರಾಜಕೀಯ ಕಲಿತದ್ದು ಅದೇ ಪುರಸಭೆಯಲ್ಲಿ. ಆ ಮೇ 29ರಂದು ನಾನು ಸಾಗರದ ಒಂದು ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ಮತದಾರರು ಒಬ್ಬೊಬ್ಬರು ಒಳಗೆ ಬಂದಾಗಲೂ ಪಕ್ಷಗಳ ಏಜೆಂಟರು "ಇವ್ರ ಮಗ ಬೆಂಗಳೂರಿಂದ ಬಂದಿಲ್ಲ", "ಇವ್ರಿಗೆ ಕಣ್ಣಿನ ಆಪರೇಷನ್ ಆಗಿದೆ" ಅಂತ ಗುಟ್ಟಾಗಿ ಮಾತಾಡಿಕೊಳ್ಳುತ್ತಿದ್ದರು. ಪಕ್ಷದ ಮಾತು ಮಧ್ಯಾಹ್ನದವರೆಗೂ ಕಿವಿಗೆ ಬೀಳಲಿಲ್ಲ.

ಆ ಸಲ ಗೆದ್ದವರ ಕಥೆಯೂ ಫೈಲಿನಲ್ಲಿದೆ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಕೊಂಡು, 2018 ಮತ್ತು 2019ರಲ್ಲಿ ಆರಿಸಿ ಬಂದವರು 2020ರ ಕೊನೆಯವರೆಗೂ ಅಧಿಕಾರವಿಲ್ಲದೆ ಕೂತರು. ಸಾಗರ ಕಡೆಯಿಂದ ಬಂದ ಒಂದು 'ನೂತನ ಅಧ್ಯಕ್ಷರಿಗೆ ಅಭಿನಂದನೆ' ಆರ್ಡರಿನ ಪ್ರೂಫ್ ಹಾಗೇ ಇದೆ. ಹೆಸರಿನ ಜಾಗ ಖಾಲಿ.

ನಮ್ಮ ತೀರ್ಥಹಳ್ಳಿಯದು ಕೊನೆಯ ಕಟ್ಟು, 2021. ಏಪ್ರಿಲ್ 27ರ ಮಂಗಳವಾರ ಮತದಾನ. ಅವತ್ತೇ ರಾತ್ರಿ 9ಕ್ಕೆ ರಾಜ್ಯಕ್ಕೆಲ್ಲ ಕೊರೊನಾ ಕರ್ಫ್ಯೂ. ಕರಪತ್ರದ ಫೋಟೋಗಳಲ್ಲಿ ಎಲ್ಲರ ಮಾಸ್ಕೂ ಗಲ್ಲದ ಕೆಳಗೆ. ಮುಖ ಕಾಣದಿದ್ದರೆ ಓಟು ಹಾಕುವವರು ಯಾರು? 30ಕ್ಕೆ ಎಣಿಕೆ: ಕಾಂಗ್ರೆಸ್ 9, ಬಿಜೆಪಿ 6. ಶಾಸಕರು ಬಿಜೆಪಿಯ ಆರಗ ಜ್ಞಾನೇಂದ್ರ, ಅದೇ ಆಗಸ್ಟಿನಲ್ಲಿ ಗೃಹಮಂತ್ರಿಯೂ ಆದರು. ಊರು ಮಾತ್ರ ವಾರ್ಡಿಗೆ ಬೇರೆ ಲೆಕ್ಕ ಹಾಕಿತ್ತು. ಗೆದ್ದವರ ಕೃತಜ್ಞತೆ ಕಾರ್ಡು ಫೈಲಿನಲ್ಲಿ ಒಂದೂ ಇಲ್ಲ. ಪ್ರೆಸ್ಸಿನ ಬಾಗಿಲು ತೆಗೆಯುವ ಹಾಗಿರಲಿಲ್ಲ, ಹಂಚಲು ಬೀದಿಯಲ್ಲಿ ಜನವೂ ಇರಲಿಲ್ಲ. "ಆ ಸೀಸನ್ನಿನ ಲಾಭವೆಲ್ಲ ಅಲ್ಲೇ ಹೋಯ್ತು" ಅಂತ ಯಜಮಾನರು ಇವತ್ತಿಗೂ ಕೊರಗುತ್ತಾರೆ. ಶಿವಮೊಗ್ಗದ ಪ್ರೆಸ್ಸಿನ ಗೆಳೆಯರ ಪಾಡು ಅದಕ್ಕಿಂತ ಕಷ್ಟವಂತೆ. ಅಲ್ಲಿನ 35 ವಾರ್ಡಿನ ಪಾಲಿಕೆಗೆ ಮತದಾನ ಆಗಿದ್ದು 2018ರ ಆಗಸ್ಟ್ 31ಕ್ಕೆ. 2023ರ ನವೆಂಬರಿನಲ್ಲಿ ಅವಧಿ ಮುಗಿದು, ಚುನಾವಣೆಯ ಬದಲು ಆಡಳಿತಾಧಿಕಾರಿ ಬಂದರು.

ಕರೆಂಟು ಬಂತು, ನಾನು ಬಸ್ಸಿಗೆ ಓಡಿದೆ.

ಈಗ ಕೆಲಸದ ಮಾತು. ಕಾಗದ ಒಂದಕ್ಕೆ 14 ರೂಪಾಯಿ ಬಿತ್ತು, ಕವರ್ ಸೇರಿ. ಶಿವಮೊಗ್ಗದ್ದಕ್ಕಿಂತ 3 ರೂಪಾಯಿ ಹೆಚ್ಚು. ಅಕ್ಷರ ತಪ್ಪು ಒಂದೂ ಇಲ್ಲ, ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಕಾಗದ ದಪ್ಪ, ಬಣ್ಣ ಕೈಗೆ ಹತ್ತುವುದಿಲ್ಲ. ಆದರೆ ಹೇಳಿದ ದಿನಕ್ಕಿಂತ ನಾಲ್ಕು ದಿನ ತಡ, ಮಳೆಯಲ್ಲಿ ಶಾಯಿ ಒಣಗಲಿಲ್ಲ ಅನ್ನುವುದು ನೆಪವೋ ನಿಜವೋ. ಫೋನ್ ಎತ್ತುವುದಿಲ್ಲ. ಎತ್ತಿದರೂ ಮಷಿನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಇಪ್ಪತ್ತು ಕಾಗದದ ಕಟಿಂಗ್ ಓರೆ ಬಂದಿತ್ತು, ತೋರಿಸಿದ ಕೂಡಲೇ ತಕರಾರಿಲ್ಲದೆ ಬದಲಿಸಿಕೊಟ್ಟರು. ತಡಕ್ಕೆ ಒಂದು, ಫೋನಿಗೆ ಒಂದು ಅಂಕ ಕಳೆದು ಹತ್ತಕ್ಕೆ ಎಂಟು. ನನ್ನ ಕೈಯಲ್ಲಿ ಎಂಟು ತೆಗೆದ ಮಕ್ಕಳು ಕಮ್ಮಿ.

ಕಟ್ಟು ತರಲು ಹೋದ ದಿನ ನಮ್ಮ ಕಾಗದದ್ದೂ ಒಂದು ಕಚೇರಿ ಪ್ರತಿ ಫೈಲಿಗೆ ಹೋಯಿತು. ಇದರ ಬೆನ್ನಿಗೆ ಏನು ಬರೀತೀರಿ ಅಂತ ಕೇಳಿದೆ. "ಎಣಿಕೆ ಆಗ್ಲಿ ಅಕ್ಕೋರೆ, ಅವಸರ ಎಂತಕ್ಕೆ" ಅಂದರು.

ಹೋಗುವವರಿಗೆ: ಭಾನುವಾರ ರಜೆ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಶಟರ್ ಅರ್ಧ ಎಳೆದಿರುತ್ತದೆ, ಒಳಗೆ ಯಜಮಾನರ ನಿದ್ದೆ, ಬಡಿಯಬೇಡಿ. ಹೆಸರುಗಳ ಪಟ್ಟಿ ಕೈಬರಹದಲ್ಲೇ ಒಯ್ಯಿರಿ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾರು ಇದ್ದಾರೆ ಯಾರು ಇಲ್ಲ ಅಂತ ಕೇಳಿದಾಗ ತಡವರಿಸದೆ ಹೇಳುವಂಥವರನ್ನು.